ಮೂರನೆಯ ಪ್ರಶ್ನೆ

ಶಸ್ತ್ರಕ್ರಿಯೆಯ ಹಿಂದಿನ ಸಂಜೆ ನಾನು ಕೇಳುವುದು ಮೂರೇ.
ಸಿಗರೇಟು ಸೇದುತ್ತೀರಾ?
ಹಿಂದೆಂದಾದರೂ ಅರಿವಳಿಕೆ ಕೊಟ್ಟಾಗ ವಾಂತಿಯಾಗಿತ್ತೇ?
ಬಸ್ಸಿನಲ್ಲಿ, ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆಯೇ?
ನಾಲ್ಕನೆಯದನ್ನು ಕೇಳಬೇಕಿಲ್ಲ,
ಹೆಂಗಸು ಎಂದು ನಾನೇ ಗೀಟು ಹಾಕಿಕೊಳ್ಳುತ್ತೇನೆ.

ವೀಗೋ, ಆಸ್ಪತ್ರೆಯ ಆರನೇ ಮಹಡಿ.
ಕಿಟಕಿಯಾಚೆ ಕೊಲ್ಲಿಯ ನೀರು.
ಮಸ್ಸೆಲ್ ಸಾಕುವ ತೆಪ್ಪಗಳ ನಡುವೆ ದಾರಿ ಮಾಡಿಕೊಂಡು
ಕಾಂಗಾಸ್‌ಗೆ ಹೊರಟ ಫೆರ್ರಿ, ಆಗಲೇ ದೀಪ ಹೊತ್ತಿಸಿತ್ತು.
ಹಾಸಿಗೆಯ ಮೇಲೆ ಎರ್ಮಿತಾಸ್,
ಅರವತ್ತಮೂರು, ಬಲೆ ಹೆಣೆದು ಬದುಕಿದವಳು.
ಕಿರುಮೆದುಳಿಗೆ ಆತುಕೊಂಡು ಒಂದು ಗಡ್ಡೆ,
ಚಿಪ್ಪಿನಿಂದ ಬಿಡಿಸಿದ ಮಸ್ಸೆಲ್‌ನಷ್ಟು.

ಸಿಗರೇಟು? ಇಲ್ಲ.
ಅರಿವಳಿಕೆ? ಇದೇ ಮೊದಲು.
ಮೂರನೆಯದಕ್ಕೆ ಅವಳು ಬಾಯಿ ತೆರೆಯುವ ಮೊದಲೇ
ಅಣ್ಣ ಸೆಕುಂದೀನೋ ನಕ್ಕುಬಿಟ್ಟ:
‘ತಾಯೀ, ಮೂರು ತಲೆಮಾರು ಗ್ರಾನ್ ಸೋಲ್‌ವರೆಗೆ ಹೋಗಿ ಬಂದವರು ನಾವು.
ಕಡಲಿಗೆ ಕಕ್ಕಿದವರು ನಮ್ಮಲ್ಲಿ ಹುಟ್ಟಿಯೇ ಇಲ್ಲ.’
ಅವಳೂ ತಲೆಯಾಡಿಸಿದಳು.
ನಾನು ‘ಇಲ್ಲ’ ಎಂದು ಬರೆದೆ.

ಹತ್ತೂವರೆಗೆ ಗಂಟೆ ಬಾರಿಸಿದಳು.
ನೀರು ಬೇಕೇ ಎಂದರೆ ಬೇಡ. ನೋವೇ ಎಂದರೆ ಅಲ್ಲ.
‘ಆ ಮೂರನೆಯದು’ ಎಂದಳು, ಹೊದಿಕೆಯ ಅಂಚು ಹಿಂಜುತ್ತಾ.

‘ಹದಿನಾರಕ್ಕೆ ಅಪ್ಪನ ದೋಣಿ ಹತ್ತಿದೆ.
ಕೊಲ್ಲಿ ದಾಟುವಷ್ಟರಲ್ಲಿ ಕರುಳೇ ಬಾಯಿಗೆ ಬಂದಿತ್ತು.
ಹಿಂಬದಿಗೆ ಬಾಗಿ, ಶಾಲಿನಲ್ಲಿ ಒರೆಸಿಕೊಂಡು,
ಬಿಸಿಲು ಎಂದೆ.
ಮಾರನೆಯ ದಿನ ಬಲೆ ಹೆಣೆಯಲು ಕೂತೆ.
ನಲವತ್ತೇಳು ವರ್ಷ ಊರೆಲ್ಲ ನನ್ನ ಬೆರಳು ಹೊಗಳಿತು.
ನಾನು ದಡದಲ್ಲಿ ಕೂತದ್ದು ಬೆರಳಿಗಲ್ಲ, ಹೊಟ್ಟೆಗೆ ಹೆದರಿ.
ಇಲ್ಲಿಗೂ ಫೆರ್ರಿಯಲ್ಲಿ ಬರಲಿಲ್ಲ,
ಬಸ್ಸು, ಮುಂದಿನ ಸೀಟು, ಕೊಲ್ಲಿಯನ್ನೆಲ್ಲ ಸುತ್ತಿಕೊಂಡು.
ಅಣ್ಣನಿಗೆ ಹೇಳಬೇಡ.’

ಅಣ್ಣನಿಗೆ ಹೇಳುವುದಿಲ್ಲ.
ಆದರೆ ಬ್ರಾಯಿಸ್‌ಗೆ ಹೇಳಲೇಬೇಕು,
ನಾಳೆ ಅವಳನ್ನು ಮಲಗಿಸುವವನು ಅವನು.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ.
ತಲೆಬುರುಡೆ ಹಾಗಲ್ಲ.
ಒಂದು ಸಲ ಓಕರಿಸಿದರೆ ಸಾಕು, ಒಳಗೆ ಒತ್ತಡ ಏರುತ್ತದೆ,
ಹೊಸ ಹೊಲಿಗೆ ಬಿಗಿಯುತ್ತದೆ,
ರಕ್ತ ಸಂದು ಹುಡುಕುತ್ತದೆ.

ಬ್ರಾಯಿಸ್ ಹಾಳೆ ಓದಿ, ‘ಇಲ್ಲ’ವನ್ನು ಹೊಡೆದು ಹಾಕಿದ.
ಅನಿಲ ಬೇಡ, ಹಾಲುಬಣ್ಣದ್ದು ಸಿರಿಂಜಿನಲ್ಲೇ ಹೋಗಲಿ.
ನಿದ್ದೆ ಹತ್ತಿದ ಮೇಲೆ ಸ್ಟೀರಾಯ್ಡ್,
ಹೊಲಿಗೆ ಮುಗಿಯುವ ಹೊತ್ತಿಗೆ ಇನ್ನೊಂದು.
ಕಿವಿಯ ಹಿಂದೆ ಅಂಟಿಸುವ ಪಟ್ಟಿ? ಬೇಡವೇ ಬೇಡ,
ಕಣ್ಣಿನ ಪಾಪೆ ಹಿಗ್ಗಿಸಿ
ನಡುರಾತ್ರಿ ನಮ್ಮನ್ನು ಸುಳ್ಳೇ ಹೆದರಿಸೀತು.

ಮಾರನೆಯ ಇರುಳು ತಲೆಗೆ ಬಿಳಿ ಸುತ್ತಿಕೊಂಡು ಬಂದಳು.
ಮಂಚದ ತಲೆದೆಸೆ ಮೂವತ್ತು ಡಿಗ್ರಿ ಎತ್ತಿದೆ.
ಹೊರಳಿಸುವಾಗ ಸದ್ದಿಲ್ಲದೆ, ಆತುರವಿಲ್ಲದೆ,
ಹಸುಗೂಸಿನ ತೊಟ್ಟಿಲು ದಾಟಿಸುವಂತೆ.
ಗದ್ದದ ಕೆಳಗೆ ಹುರುಳಿಕಾಳಿನ ಆಕಾರದ ಟ್ರೇ.

ಮೂರು ಗಂಟೆಗೆ ಅವಳ ಗಂಟಲು ಒಮ್ಮೆ ಕದಲಿತು.
ತುಟಿಯ ಮೂಲೆಯಲ್ಲಿ ನೀರೂರಿತು.
ಹಣೆ ಸಣ್ಣಗೆ ಬೆವೆತಿತು.
ಆ ನೀರು ನನಗೆ ಗೊತ್ತು,
ಅದರ ಹಿಂದೆ ಏನು ಬರುತ್ತದೆಂಬುದೂ.
ಕಾಯಲಿಲ್ಲ, ವೈದ್ಯರಿಗೆ ಫೋನು,
ಮೊದಲು ಕೊಟ್ಟದ್ದೇ ಮತ್ತೆ ಅಲ್ಲ,
ಬೇರೆ ಕುಲದ ಔಷಧಿ, ನಿಧಾನ, ರಕ್ತನಾಳಕ್ಕೆ.

ಅವಳ ಬೆರಳು ನನ್ನ ತೋಳಿನ ಅಂಚು ಹಿಡಿದು
ಗಂಟು ಹಾಕುವಂತೆ ಆಡುತ್ತಿತ್ತು,
ಒಂದು ಸುತ್ತು, ಒಂದು ತೂರು, ಒಂದು ಜಗ್ಗು.
ನಾಲ್ಕೂವರೆಗೆ ಬೆರಳು ನಿಂತಿತು.
ಬೆದರಿ ಕಣ್ಣಿಗೆ ಟಾರ್ಚು ಬಿಟ್ಟೆ.
ನಿದ್ದೆ, ಬರೀ ನಿದ್ದೆ.

ಎಂಟಕ್ಕೆ ಸೆಕುಂದೀನೋ, ಒದ್ದೆ ಜಾಕೀಟು, ದೊಡ್ಡ ದನಿ:
‘ವಾಂತಿಯಾಯಿತೇ?’
‘ಇಲ್ಲ.’
‘ನಾನು ಹೇಳಿರಲಿಲ್ಲವೇ? ನಮ್ಮ ರಕ್ತ!’
ಎರ್ಮಿತಾಸ್ ಕಣ್ಣು ಮುಚ್ಚಿಯೇ
ಒಂದು ಚೂರು ಮಂಜುಗಡ್ಡೆ ಕೇಳಿದಳು.

ನಾನು ಟ್ರೇ ತೆಗೆದುಕೊಂಡು ಹೋಗಿ ತೊಳೆದೆ.
ತೊಳೆಯಲು ಅದರಲ್ಲಿ ಏನೂ ಇರಲಿಲ್ಲ.